ಬಣ್ಣದ ಕೀಬೋರ್ಡ್ ಆಮೇಲೆ, ಮೊದಲು ಗೋಡೆಯ ಪ್ಲಗ್ ನೋಡಿ

ಪ್ರಶ್ನೆ: ದಾವಣಗೆರೆಯ ಹಳೇಪೇಟೆಯ ಕಡೆ ನನ್ನದೊಂದು ಚಿಕ್ಕ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇದೆ. ಆರು ವರ್ಷ ಹಳೆಯ ಡೆಸ್ಕ್‌ಟಾಪ್, ಒಂದು ಲೇಸರ್ ಪ್ರಿಂಟರ್, ಫೈಬರ್ ಇಂಟರ್‌ನೆಟ್, ಮತ್ತು ಕರೆಂಟ್ ಹೋದ ಕೂಡಲೇ ಕೀ ಕೀ ಎಂದು ಕೂಗಿ ತಾನೂ ಆರಿಹೋಗುವ ಒಂದು ಯುಪಿಎಸ್. ಎಂಜಿನಿಯರಿಂಗ್ ಓದುವ ಮಗಳ ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಚಾರ್ಜಿಗೆ ಹಾಕಿದಾಗ ಮುಟ್ಟಿದರೆ ಜುಮ್ಮೆನ್ನುತ್ತದೆ ಎನ್ನುತ್ತಾಳೆ. 15,000 ರೂಪಾಯಿ ಎತ್ತಿಟ್ಟಿದ್ದೇನೆ. ಬಣ್ಣದ ದೀಪದ ಕೀಬೋರ್ಡ್, ಕೂಲಿಂಗ್ ಪ್ಯಾಡ್, 600 ರೂಪಾಯಿಗೆ ಸಿಗುವ 2 ಟಿಬಿಯ ಪೆನ್‌ಡ್ರೈವ್, ವೈರ್‌ಲೆಸ್ ಮೌಸ್ ಎಂದು ಪಟ್ಟಿ ಮಾಡಿದ್ದೇನೆ. ಯಾವುದನ್ನು ಕೊಳ್ಳಲಿ, ಯಾವುದನ್ನು ಬಿಡಲಿ?

ಉತ್ತರ: ನಿಮ್ಮ ಪಟ್ಟಿಯನ್ನು ಎರಡು ಸಲ ಓದಿದೆ. ಅದರಲ್ಲಿರುವುದೆಲ್ಲ ಮೇಜಿನ ಮೇಲೆ ಕುಳಿತು ಹೊಳೆಯುವ ಸಾಮಾನು. ನೀವು ಹೇಳಿಕೊಂಡಿರುವ ತೊಂದರೆಗಳೋ ಮೇಜಿನ ಕೆಳಗೆ, ಗೋಡೆಯ ಒಳಗೆ, ಡಬ್ಬದ ಹೊಟ್ಟೆಯಲ್ಲಿ ಇರುವಂಥವು. ಇಪ್ಪತ್ತು ವರ್ಷದಿಂದ ಇದೇ ಊರಿನಲ್ಲಿ ಕಂಪ್ಯೂಟರ್ ಬಿಚ್ಚಿ ಜೋಡಿಸುತ್ತಿದ್ದೇನೆ. ನನ್ನ ಬಳಿಗೆ ಬರುವ ಸತ್ತ ಯಂತ್ರಗಳಲ್ಲಿ ಹೆಚ್ಚಿನವುಗಳ ಹಿಂದೆ ಇರುವುದು ಕೆಟ್ಟ ಕರೆಂಟ್, ಇಲ್ಲವೇ ಧೂಳು. ಇವೆರಡೂ ಅಲ್ಲದಿದ್ದರೆ ಕಡತಗಳ ನಕಲು ಇಟ್ಟುಕೊಳ್ಳದ ಉದಾಸೀನ. ಅದರಲ್ಲಿ ಯಂತ್ರ ಬದುಕುತ್ತದೆ, ಮಾಲೀಕ ಸಾಯುತ್ತಾನೆ. ಹಣ ಮೊದಲು ಹೋಗಬೇಕಾದದ್ದು ಅಲ್ಲಿಗೆ. ದೀಪದ ಕೀಬೋರ್ಡಿನ ಮೇಲೆ ನನಗೇನೂ ಹಗೆಯಿಲ್ಲ, ಆದರೆ ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಹೂವನ್ನು ನಾನು ಶಿಫಾರಸು ಮಾಡಲಾರೆ.

ಮಗಳು ಹೇಳಿದ ಜುಮ್ಮೆನ್ನುವಿಕೆಯಿಂದಲೇ ಶುರು ಮಾಡುತ್ತೇನೆ. ಅದು ಲ್ಯಾಪ್‌ಟಾಪಿನ ದೂರಲ್ಲ, ನಿಮ್ಮ ಕಟ್ಟಡದ ದೂರು. ಅಡಾಪ್ಟರಿನ ಒಳಗೆ ವಿದ್ಯುತ್ತಿನ ಗದ್ದಲವನ್ನು ಸೋಸಲೆಂದು ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಸೋಸಿದ್ದನ್ನು ಅವು ನೆಲಕ್ಕೆ ಇಳಿಯುವ ಅರ್ಥ್ ತಂತಿಗೆ ಹರಿಸಬೇಕು. ಅರ್ಥ್ ಇಲ್ಲದಿದ್ದರೆ ಅದು ಹೋಗಲು ದಾರಿ ಕಾಣದೆ ಲ್ಯಾಪ್‌ಟಾಪಿನ ಲೋಹದ ಮೈಮೇಲೆ ಬಂದು ಕೂರುತ್ತದೆ. ಮಲ್ಟಿಮೀಟರ್ ಇಟ್ಟರೆ ನೂರರ ಆಸುಪಾಸು ವೋಲ್ಟ್ ತೋರಿಸಿ ಗಾಬರಿ ಹುಟ್ಟಿಸುತ್ತದೆ. ಹರಿಯುವ ಕರೆಂಟ್ ಅತ್ಯಲ್ಪವಾದ್ದರಿಂದ ಸಾಮಾನ್ಯವಾಗಿ ಆಪತ್ತಿಲ್ಲ. ಆದರೆ ಅದೇ ಸ್ಥಿತಿಯಲ್ಲಿ ಪರದೆ ಜೋಡಿಸುವ ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಪೋರ್ಟ್ ಸುಟ್ಟುಹೋಗುವುದುಂಟು. ಜುಮ್ಮೆನ್ನುವುದರ ಬದಲು ಕೈ ಝಾಡಿಸುವಂತೆ ಹೊಡೆದರೆ ಮಾತ್ರ ಅಡಾಪ್ಟರೇ ಕೆಟ್ಟಿರಬಹುದು, ಆಗ ಬಳಸುವುದನ್ನು ಕೂಡಲೇ ನಿಲ್ಲಿಸಿ.

ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯ ಕಡೆಯ ಒಂದು ಮನೆಯವರು ಇದೇ ದೂರಿಗೆ ಮೂರು ಅಡಾಪ್ಟರ್ ಬದಲಾಯಿಸಿ ಸುಸ್ತಾಗಿ ನನ್ನನ್ನು ಕರೆಸಿದ್ದರು. ಪ್ಲಗ್ಗಿಗೆ ಮೂರು ಪಿನ್ ಇದ್ದವು, ಸಾಕೆಟ್ಟಿನಲ್ಲಿ ಹಸಿರು ತಂತಿಯೂ ಇತ್ತು. ಆ ತಂತಿಯ ಬೆನ್ನು ಹಿಡಿದು ಹಿತ್ತಲಿಗೆ ಹೋದೆ. ಅರ್ಥ್ ಗುಂಡಿ ಇದ್ದದ್ದು ಬಂಡೆಯ ಮೇಲೆ. ಎರಡು ಅಡಿ ಮಣ್ಣು, ಅದೂ ಏಪ್ರಿಲ್ ಬಿಸಿಲಿಗೆ ಬಾಯಿಬಿಟ್ಟಿತ್ತು. ಬಂಡೆಯಾಗಲಿ ಒಣ ಮಣ್ಣಾಗಲಿ ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಾಲ್ಕು ಕೊಡ ನೀರು ಸುರಿಸಿದೆ. ಅರ್ಧ ಗಂಟೆಯಲ್ಲಿ ಲ್ಯಾಪ್‌ಟಾಪಿನ ಜುಮ್ಮೆನ್ನುವಿಕೆ ನಿಂತಿತು, ಆ ಮನೆಯ ಅಜ್ಜಿ ನನ್ನನ್ನು ಮಂತ್ರವಾದಿಯಂತೆ ನೋಡಿದರು. ಆಮೇಲೆ ಎಲೆಕ್ಟ್ರಿಷಿಯನ್ ಬಂದು, ಮಣ್ಣು ಆಳವಾಗಿದ್ದ ಮೂಲೆಯಲ್ಲಿ ಹೊಸ ಪೈಪ್ ಇಳಿಸಿಕೊಟ್ಟರು. ಮೂರು ಅಡಾಪ್ಟರಿನ ಹಣ ಮಾತ್ರ ನೀರಿಗೆ ಹೋಗಿತ್ತು.

ಹಳೇಪೇಟೆಯ ಕಟ್ಟಡಗಳಲ್ಲಿ ಎಷ್ಟೋ ಕಡೆ ಅರ್ಥ್ ತಂತಿ ಎಳೆದೇ ಇಲ್ಲ. ಸಾಕೆಟ್ಟಿನ ಮೇಲಿನ ದೊಡ್ಡ ತೂತು ಅಲಂಕಾರಕ್ಕಿದೆ. ನಿಮ್ಮ ಮೊದಲ ಖರ್ಚು ಹಾಗಾಗಿ ವಸ್ತುವಿನ ಮೇಲಲ್ಲ, ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್ ಮೇಲೆ. ಅವರು ಫೇಸ್ (ಕರೆಂಟ್ ಬರುವ ತಂತಿ) ಮತ್ತು ನ್ಯೂಟ್ರಲ್ (ಅದು ಮರಳುವ ತಂತಿ) ನಡುವೆ ಅಳೆಯಲಿ, 230 ವೋಲ್ಟಿನ ಆಸುಪಾಸು ಬರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಇದ್ದರೆ ಸಮಾಧಾನ. ಇಪ್ಪತ್ತು ಮೂವತ್ತು ಬಂದರೆ ಎಲ್ಲೋ ಸಡಿಲವಿದೆ. ಯಂತ್ರಗಳೆಲ್ಲ ಓಡುತ್ತಿರುವಾಗಲೂ ಅಚ್ಚುಕಟ್ಟಾಗಿ ಸೊನ್ನೆ ಬಂದರೆ ಖುಷಿಪಡಬೇಡಿ, ಅನುಮಾನಪಡಿ. ಅರ್ಥ್ ಗುಂಡಿ ತೋಡುವ ಬದಲು ಸಾಕೆಟ್ಟಿನೊಳಗೇ ನ್ಯೂಟ್ರಲ್ಲಿಗೂ ಅರ್ಥಿಗೂ ಒಂದು ತುಂಡು ತಂತಿ ಗಂಟುಹಾಕಿ ಕೈತೊಳೆದುಕೊಳ್ಳುವವರು ಇದ್ದಾರೆ. ನ್ಯೂಟ್ರಲ್ ಎಲ್ಲಾದರೂ ಕಡಿದ ದಿನ ನಿಮ್ಮ ಸಿಪಿಯುವಿನ ತಗಡಿನ ಮೈಯೇ ಫೇಸ್ ಆಗಿರುತ್ತದೆ.

ಅರ್ಥ್ ಸರಿಯಾದ ಮೇಲೆ ಒಂದು ನಿಜವಾದ ಸರ್ಜ್ ಪ್ರೊಟೆಕ್ಟರ್ ತನ್ನಿ. ‘ನಿಜವಾದ’ ಎಂದದ್ದು ಏಕೆಂದರೆ, ನಮ್ಮ ಪೇಟೆಯಲ್ಲಿ ಸ್ಪೈಕ್ ಗಾರ್ಡ್ ಎಂದು ಮಾರುವ ಎಷ್ಟೋ ಬೋರ್ಡುಗಳಲ್ಲಿ ಕೆಂಪು ದೀಪದ ಒಂದು ಸ್ವಿಚ್, ಒಂದು ಫ್ಯೂಸ್ ಬಿಟ್ಟರೆ ಕಾವಲಿಗೆ ಏನೂ ಇರುವುದಿಲ್ಲ. ಒಳಗೆ ಎಂಒವಿ ಎಂಬ ನಾಣ್ಯದಾಕಾರದ ಬಿಲ್ಲೆ ಇರಬೇಕು. ಉಕ್ಕಿ ಬಂದ ವೋಲ್ಟೇಜನ್ನು ತನ್ನ ಮೈಮೇಲೆ ಹಾಕಿಕೊಳ್ಳುವುದು ಅದರ ಕೆಲಸ. ಪ್ರತಿ ಪೆಟ್ಟಿಗೂ ಅದು ಒಂದಿಷ್ಟು ಸವೆಯುತ್ತದೆ, ಒಂದು ದಿನ ಸತ್ತೇ ಹೋಗುತ್ತದೆ. ಬೋರ್ಡ್ ಮಾತ್ರ ಕರೆಂಟ್ ಕೊಡುತ್ತಲೇ ಇರುವುದರಿಂದ ಕಾವಲುಗಾರ ಸತ್ತದ್ದು ನಿಮಗೆ ತಿಳಿಯುವುದಿಲ್ಲ. ಅದಕ್ಕೇ ‘ರಕ್ಷಣೆ ಇದೆ’ ಎಂದು ತೋರಿಸುವ ಪ್ರತ್ಯೇಕ ದೀಪವಿರುವ, ಡಬ್ಬದ ಮೇಲೆ ಎಷ್ಟು ಜೂಲ್ (ಎಷ್ಟು ಪೆಟ್ಟು ತಡೆದೀತು ಎಂಬುದರ ಅಳತೆ) ಎಂದು ಮುದ್ರಿಸಿರುವ ಬೋರ್ಡನ್ನೇ ಕೇಳಿ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗುಡುಗುವಾಗ ಇದನ್ನೂ ನಂಬಬೇಡಿ. ಸಿಡಿಲಿಗೆ ಇರುವ ಒಂದೇ ಔಷಧ ಪ್ಲಗ್ ಕಿತ್ತಿಡುವುದು. ಹೊರಗಿನಿಂದ ತಾಮ್ರದ ಲ್ಯಾನ್ ಕೇಬಲ್ ಬಂದಿದ್ದರೆ ಅದನ್ನೂ ಕೀಳಿ. ಪ್ಲಗ್ ಕಿತ್ತಿಟ್ಟು ಲ್ಯಾನ್ ಕೇಬಲ್ ಮರೆತವರ ಮದರ್‌ಬೋರ್ಡುಗಳು ಪ್ರತಿ ಮುಂಗಾರಿನ ಮುನ್ನ ನನ್ನ ಮೇಜಿಗೆ ಬರುತ್ತವೆ.

ಇನ್ನು ಯುಪಿಎಸ್. ಅದನ್ನು ಎಸೆಯಬೇಡಿ. ಕರೆಂಟ್ ಹೋದಾಗ ಕೂಗಿ ಆರುತ್ತದೆ ಎಂದರೆ ಬಹುಪಾಲು ಅದರ ಬ್ಯಾಟರಿ ಮುಗಿದಿದೆ, ಯಂತ್ರ ಚೆನ್ನಾಗಿಯೇ ಇದೆ. ಸಾಮಾನ್ಯ 600 ವಿಎ ಯುಪಿಎಸ್ ಒಳಗೆ ಇರುವುದು 12 ವೋಲ್ಟ್, 7 ಆಂಪಿಯರ್-ಅವರ್‌ನ ಒಂದೇ ಒಂದು ಸೀಸದ ಬ್ಯಾಟರಿ. ಅದರ ಆಯಸ್ಸು ಎರಡು ಮೂರು ವರ್ಷ. ಬಿಸಿ ಹೆಚ್ಚಾದಷ್ಟೂ ಆಯಸ್ಸು ಕಡಿಮೆ, ಹತ್ತು ಡಿಗ್ರಿ ಹೆಚ್ಚಿದರೆ ಅರ್ಧ ಆಯಸ್ಸು ಎಂಬುದು ಬ್ಯಾಟರಿಯವರ ಲೆಕ್ಕ. ನಮ್ಮೂರಿನ ಮೇ ತಿಂಗಳನ್ನು ನೆನೆಸಿಕೊಳ್ಳಿ, ಆಮೇಲೆ ನಿಮ್ಮ ಯುಪಿಎಸ್ ಎಲ್ಲಿದೆ ನೋಡಿ: ಜೆರಾಕ್ಸ್ ಯಂತ್ರದ ಬೆನ್ನಿಗೆ ಆತುಕೊಂಡಿದ್ದರೆ ಮೊದಲು ಅದನ್ನು ಅಲ್ಲಿಂದ ಎಬ್ಬಿಸಿ. ಹೊಸ ಬ್ಯಾಟರಿಗೆ 1,000 ರೂಪಾಯಿ ಆಸುಪಾಸು. ಅದರಲ್ಲಿ ತುಂಬಿರುವುದು 84 ವಾಟ್-ಅವರ್; ಅವಸರದಲ್ಲಿ ಹೀರಿದಾಗ ಅದರಲ್ಲಿ ಅರ್ಧದಷ್ಟು ಕೈಗೆ ಸಿಗುತ್ತದೆ. ಡೆಸ್ಕ್‌ಟಾಪ್, ಮಾನಿಟರ್ ಸೇರಿ ನೂರರಿಂದ ನೂರಿಪ್ಪತ್ತು ವಾಟ್ ತಿಂದರೆ ಹದಿನೈದರಿಂದ ಇಪ್ಪತ್ತೈದು ನಿಮಿಷ. ಗಿರಾಕಿಯ ಅರ್ಜಿ ಮುಗಿಸಿ, ಉಳಿಸಿ, ಯಂತ್ರ ಆರಿಸಲು ಅಷ್ಟು ಧಾರಾಳ.

ಆದರೆ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಲೇಸರ್ ಪ್ರಿಂಟರನ್ನೂ ಅದೇ ಯುಪಿಎಸ್‌ಗೆ ಚುಚ್ಚಿದ್ದೀರಾ? ಟೈಪಿಂಗ್ ಅಂಗಡಿಗಳಲ್ಲಿ ಹತ್ತಕ್ಕೆ ಏಳು ಕಡೆ ನಾನು ಕಾಣುವುದು ಇದನ್ನೇ. ಲೇಸರ್ ಪ್ರಿಂಟರ್ ಕಾಗದದ ಮೇಲೆ ಪುಡಿಯನ್ನು ಕರಗಿಸಿ ಅಂಟಿಸುತ್ತದೆ. ಅದರೊಳಗೆ ಒಂದು ಇಸ್ತ್ರಿಪೆಟ್ಟಿಗೆ ಇದೆ ಎಂದುಕೊಳ್ಳಿ. ಆ ಉರುಳೆ ಬಿಸಿಯಾಗುವ ಕೆಲವು ಕ್ಷಣ ಏಳೆಂಟು ನೂರು ವಾಟ್ ಎಳೆಯಬಲ್ಲದು. 600 ವಿಎ ಎಂದು ದೊಡ್ಡದಾಗಿ ಬರೆದಿರುವ ಯುಪಿಎಸ್‌ನ ನಿಜವಾದ ಕಸುವು ಸಾಮಾನ್ಯವಾಗಿ 360 ವಾಟ್. ಪ್ರಿಂಟ್ ಕೊಟ್ಟ ಕ್ಷಣ ಅದು ಏದುಸಿರು ಬಿಟ್ಟು ಕಂಪ್ಯೂಟರನ್ನೂ ಕೆಡವುತ್ತದೆ. ಪ್ರಿಂಟರ್ ನೇರ ಗೋಡೆಗೆ, ಕಂಪ್ಯೂಟರ್ ಮತ್ತು ಮಾನಿಟರ್ ಮಾತ್ರ ಯುಪಿಎಸ್‌ಗೆ.

ಮನೆಯಲ್ಲಿ ಇನ್ವರ್ಟರ್ ಇರುವವರು ಯುಪಿಎಸ್ ಬೇಕೇ ಎಂದು ಕೇಳುತ್ತಾರೆ, ನಿಮಗೂ ಮುಂದೆ ಆ ಯೋಚನೆ ಬರಬಹುದು. ಇನ್ವರ್ಟರಿನ ಬೆನ್ನಲ್ಲಿ ಯುಪಿಎಸ್ ಮೋಡ್ ಎಂಬ ಚಿಕ್ಕ ಸ್ವಿಚ್ ಇದ್ದರೆ ಅದನ್ನು ಆ ಕಡೆಗೆ ತಳ್ಳಿ. ಕರೆಂಟ್ ಹೋದ ಮೇಲೆ ಕಂಪ್ಯೂಟರಿನೊಳಗಿನ ಕರೆಂಟ್ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್, ಸುಮಾರು 16 ಮಿಲಿಸೆಕೆಂಡ್ ಉಸಿರು ಹಿಡಿದಿರಬಲ್ಲದು. ಯುಪಿಎಸ್ ಮೋಡ್‌ನಲ್ಲಿ ಬದಲಾವಣೆ ಅಷ್ಟರೊಳಗೆ ಮುಗಿಯುತ್ತದೆ, ಸಾಮಾನ್ಯ ಮೋಡ್‌ನಲ್ಲಿ ಮುಗಿಯುವುದಿಲ್ಲ. ಫ್ಯಾನ್ ನಿಲ್ಲದಿದ್ದರೂ ಕಂಪ್ಯೂಟರ್ ಮಾತ್ರ ಮತ್ತೆ ಶುರುವಾಗುವುದು ಇದಕ್ಕೇ.

ನಿಮ್ಮ ಪಟ್ಟಿಯಲ್ಲಿ ಇಲ್ಲದ, ಆದರೆ ನಾನು ಸೇರಿಸಬಯಸುವ ಒಂದು ಪುಟ್ಟ ಡಬ್ಬವಿದೆ: ರೌಟರಿಗಾಗಿಯೇ ಮಾಡಿದ ಮಿನಿ ಯುಪಿಎಸ್. ಅಂಗೈಯಷ್ಟು ಗಾತ್ರ, 1,500 ರೂಪಾಯಿ ಆಸುಪಾಸು. ಫೈಬರ್ ಸಂಪರ್ಕದಲ್ಲಿ ಒಂದು ಸೊಗಸಿದೆ. ಕಂಬದ ಮೇಲೆ ನೇತಾಡುವ ಹಂಚಿಕೆಯ ಡಬ್ಬಕ್ಕೆ ಸಾಮಾನ್ಯವಾಗಿ ಕರೆಂಟೇ ಬೇಡ. ಗಾಜಿನ ಎಳೆಯೊಳಗಿನ ಬೆಳಕನ್ನು ಅದು ಬರೀ ಕವಲೊಡೆಸುತ್ತದೆ. ಆ ಕಡೆಯ ವಿನಿಮಯ ಕೇಂದ್ರದಲ್ಲಿ ಬ್ಯಾಟರಿಯೂ ಜನರೇಟರೂ ಇರುತ್ತವೆ. ಇಡೀ ಬೀದಿ ಕತ್ತಲಾದರೂ ನಿಮ್ಮ ಮೇಜಿನ ಮೇಲಿನ ಡಬ್ಬವೊಂದು ಬದುಕಿದ್ದರೆ ಇಂಟರ್‌ನೆಟ್ ಬರುತ್ತಲೇ ಇರುತ್ತದೆ. ಬೆಸ್ಕಾಂನವರು ಮಧ್ಯಾಹ್ನ ಲೈನ್ ದುರಸ್ತಿಗೆಂದು ಕರೆಂಟ್ ತೆಗೆದ ದಿನ ಮಗಳ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಗಿರಾಕಿಯ ಅರ್ಜಿ ತುಂಬಿ ಕಳುಹಿಸಬಹುದು. ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿ. ಮುಂದಿನ ಸಲ ಕರೆಂಟ್ ಹೋದಾಗ, ಹೊಸ ಬ್ಯಾಟರಿ ಹಾಕಿದ ಯುಪಿಎಸ್‌ಗೆ ರೌಟರನ್ನು ಚುಚ್ಚಿ ನೋಡಿ. ಇಂಟರ್‌ನೆಟ್ ಬಂದರೆ ಮಿನಿ ಯುಪಿಎಸ್ ಕೊಳ್ಳಿ; ಬಾರದಿದ್ದರೆ ನಿಮ್ಮ ಸಂಪರ್ಕದ ದಾರಿಯಲ್ಲಿ ಎಲ್ಲೋ ಕರೆಂಟ್ ಬೇಡುವ ಪೆಟ್ಟಿಗೆ ಇದೆ, ಆ ಹಣ ಉಳಿಯಿತು. ಅಂಗಡಿಗೆ ಹೋಗುವಾಗ ರೌಟರಿನ ಅಡಾಪ್ಟರನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ. 12 ವೋಲ್ಟಿನದೋ 9 ವೋಲ್ಟಿನದೋ, ಎಷ್ಟು ಆಂಪಿಯರ್, ಪಿನ್ ಯಾವ ಗಾತ್ರ ಎಂಬುದೆಲ್ಲ ಅದರ ಮೈಮೇಲೆ, ಬಾಲದಲ್ಲಿ ಇದೆ. 7,800 ಎಂಎಎಚ್ ಎಂಬ ದೊಡ್ಡ ಅಂಕಿಗೆ ಮರುಳಾಗಬೇಡಿ. ಅದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ, ಅಂದರೆ 29 ವಾಟ್-ಅವರ್. ಎಂಟು ಹತ್ತು ವಾಟ್ ತಿನ್ನುವ ರೌಟರಿಗೆ ಎರಡು ಎರಡೂವರೆ ಗಂಟೆ ಬರುತ್ತದೆ, ಅದು ಸಾಕು.

ಧೂಳಿನ ಬಗ್ಗೆ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಕಾಲದಲ್ಲಿ ಈ ಊರಿಗೆ ಹತ್ತಿಯ ಧೂಳಿತ್ತು. ಗಿರಣಿಗಳು ಹೋದವು, ಧೂಳು ಹೋಗಲಿಲ್ಲ. ಮಂಡಕ್ಕಿ ಭಟ್ಟಿಗಳ ಕಡೆಯಿಂದ ಬಂದ ಒಂದು ಸಿಪಿಯುವನ್ನು ಬಿಚ್ಚಿದ್ದು ನೆನಪಿದೆ. ‘ಅರ್ಧ ಗಂಟೆ ಓಡುತ್ತದೆ, ಆಮೇಲೆ ತಾನೇ ಆರುತ್ತದೆ’ ಎಂಬುದು ದೂರು. ಫ್ಯಾನ್ ತೆಗೆದಾಗ ಕೆಳಗಿನ ಅಲ್ಯೂಮಿನಿಯಂ ಎಸಳುಗಳೇ ಕಾಣಲಿಲ್ಲ. ಹೊಗೆಯ ಮಸಿ, ಭತ್ತದ ಹೊಟ್ಟಿನ ಪುಡಿ, ಒಂದಿಷ್ಟು ಎಣ್ಣೆ ಜಿಡ್ಡು ಸೇರಿ ಒತ್ತಿ, ಚಳ್ಳಕೆರೆಯ ಕಂಬಳಿಯ ತುಂಡಿನ ಹಾಗೆ ಒಂದೇ ಹಾಳೆಯಾಗಿತ್ತು. ಚಿಮಟದಿಂದ ಮೂಲೆ ಹಿಡಿದು ಎತ್ತಿದರೆ ಇಡಿಯಾಗಿ ಎದ್ದು ಬಂತು. ಅದರ ಮಾಲೀಕರು ಅಷ್ಟರಲ್ಲಿ ಎರಡು ಸಲ ವಿಂಡೋಸ್ ಹೊಸದಾಗಿ ಹಾಕಿಸಿದ್ದರು. ನಿಮಗೆ ಬೇಕಾದದ್ದು ನೂರು ರೂಪಾಯಿಯ ಮೆದು ಕುಂಚ, ಒಂದು ರಬ್ಬರ್ ಊದುಗೊಳವೆ. ಮೂರು ತಿಂಗಳಿಗೊಮ್ಮೆ, ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿ, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು ಊದಿ. ಹಿಡಿಯದೆ ಜೋರಾಗಿ ಗಾಳಿ ಹೊಡೆದರೆ ರೆಕ್ಕೆ ಅತಿವೇಗದಲ್ಲಿ ತಿರುಗಿ ಬೇರಿಂಗ್ ಕೆಡುತ್ತದೆ. ಕರೆಂಟ್ ಪೆಟ್ಟಿಗೆಯನ್ನು, ಅಂದರೆ ಎಸ್‌ಎಂಪಿಎಸ್ ಅನ್ನು, ಹೊರಗಿನಿಂದಲೇ ಊದಿ; ಪ್ಲಗ್ ಕಿತ್ತ ಮೇಲೂ ಅದರೊಳಗೆ ವಿದ್ಯುತ್ ಉಳಿದಿರುವುದರಿಂದ ಬಿಚ್ಚುವಂತಿಲ್ಲ. ಪ್ರಿಂಟರಿನಿಂದ ಚೆಲ್ಲಿದ ಟೋನರ್ ಪುಡಿಗೆ ಮನೆಯ ವ್ಯಾಕ್ಯೂಮ್ ಕ್ಲೀನರ್ ಹಿಡಿಯಬೇಡಿ. ಆ ಪುಡಿ ಎಷ್ಟು ನಯವೆಂದರೆ ಸೋಸುಬಟ್ಟೆಯನ್ನು ದಾಟಿ ಇಡೀ ಕೋಣೆಗೆ ಹರಡುತ್ತದೆ. ಒದ್ದೆ ಬಟ್ಟೆಯಲ್ಲಿ, ತಣ್ಣೀರಿನಲ್ಲಿ ಒರೆಸಿ.

ಈಗ ಡಬ್ಬದ ಒಳಗೆ. ಆರು ವರ್ಷದ ಡೆಸ್ಕ್‌ಟಾಪ್ ನಿಧಾನವೆಂದು ನೀವು ಬರೆದಿಲ್ಲ, ಆದರೆ ಅದರಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದು ನಿಧಾನವೇ. ನಿಮಗೆ ಅಭ್ಯಾಸವಾಗಿದೆ ಅಷ್ಟೆ. ಹಾರ್ಡ್ ಡಿಸ್ಕ್‌ನಲ್ಲಿ ಗ್ರಾಮಫೋನಿನ ಹಾಗೆ ಒಂದು ಮುಳ್ಳು ಓಡಾಡಿ ಕಡತ ಹುಡುಕಬೇಕು, ಒಂದೊಂದು ಹುಡುಕಾಟಕ್ಕೂ ಸುಮಾರು 10 ಮಿಲಿಸೆಕೆಂಡ್. ಚಿಪ್ಪುಗಳಲ್ಲೇ ಕಡತ ಇಡುವ ಎಸ್‌ಎಸ್‌ಡಿಯಲ್ಲಿ ಓಡಾಡುವ ಭಾಗವೇ ಇಲ್ಲ, ಹುಡುಕಾಟ ಅದರ ನೂರನೇ ಒಂದು ಭಾಗದಲ್ಲಿ ಮುಗಿಯುತ್ತದೆ. 256 ಜಿಬಿಯ ಸಾಟಾ ಎಸ್‌ಎಸ್‌ಡಿಗೆ 3,000 ರೂಪಾಯಿ ಎತ್ತಿಡಿ. ದರ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ವಿಂಡೋಸ್ ಅದರಲ್ಲಿರಲಿ, ಹಳೆಯ ಡಿಸ್ಕ್ ಉಗ್ರಾಣವಾಗಿರಲಿ. ಹಾಕಿಸುವಾಗಲೇ ವಿಂಡೋಸ್ 11 ಕೂರುತ್ತದೆಯೇ ಎಂದೂ ಕೇಳಿ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಯಂತ್ರ ಇಂಟೆಲ್‌ನ ಎಂಟನೇ ಪೀಳಿಗೆಯದೋ ಅದಕ್ಕೂ ಈಚಿನದೋ ಆಗಿದ್ದು, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇದ್ದರೆ ವಿಂಡೋಸ್ 11 ಒಪ್ಪುತ್ತದೆ. ಆರು ವರ್ಷದ ಯಂತ್ರದಲ್ಲಿ ಇದು ಇರುವ ಸಂಭವ ಚೆನ್ನಾಗಿದೆ, ಬಯೋಸ್‌ನಲ್ಲಿ, ಅಂದರೆ ಯಂತ್ರದ ಮೂಲ ಸೆಟ್ಟಿಂಗ್‌ನಲ್ಲಿ, ಮುಚ್ಚಿಟ್ಟಿರಬಹುದು.

600 ರೂಪಾಯಿಗೆ 2 ಟಿಬಿಯ ಪೆನ್‌ಡ್ರೈವ್ ಎಂಬುದು ಮೋಸ. ಇದನ್ನು ಮೆತ್ತಗೆ ಹೇಳುವ ದಾರಿ ನನಗೆ ಗೊತ್ತಿಲ್ಲ. ಒಳಗೆ ಹದಿನಾರೋ ಮೂವತ್ತೆರಡೋ ಜಿಬಿಯ ಚಿಪ್ ಇರುತ್ತದೆ, ಅದರ ನಿಯಂತ್ರಕಕ್ಕೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಕಂಪ್ಯೂಟರಿಗೆ ಚುಚ್ಚಿದರೆ 2 ಟಿಬಿ ಎಂದೇ ತೋರಿಸುತ್ತದೆ, ಕಡತಗಳನ್ನು ನಗುನಗುತ್ತ ನುಂಗುತ್ತದೆ. ನಿಜವಾದ ಜಾಗ ಮುಗಿದ ಮೇಲೆ ಬಂದದ್ದನ್ನು ಗಾಳಿಗೆ ಬಿಡುತ್ತದೆ, ಇಲ್ಲವೇ ಹಳೆಯದರ ಮೇಲೆಯೇ ಬರೆಯುತ್ತದೆ. ಹೆಸರುಗಳು ಉಳಿಯುತ್ತವೆ, ಒಳಗೆ ಏನೂ ಇರುವುದಿಲ್ಲ. ಮದುವೆ ವಿಡಿಯೊವನ್ನು ಇಂಥದ್ದರಲ್ಲಿ ಇಟ್ಟು, ಕ್ಯಾಮೆರಾ ಕಾರ್ಡ್ ಅಳಿಸಿಕೊಂಡ ಒಂದು ಕುಟುಂಬ ನನ್ನ ಎದುರು ಕುಳಿತಿದ್ದ ಮಧ್ಯಾಹ್ನವನ್ನು ನಾನು ಮರೆತಿಲ್ಲ. ಯಾವುದೇ ಹೊಸ ಪೆನ್‌ಡ್ರೈವ್ ತಂದರೂ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಒಮ್ಮೆ ಪೂರ್ತಿ ತುಂಬಿ, ಓದಿ ಪರೀಕ್ಷಿಸಿ. ಲಿನಕ್ಸ್ ಬಳಸುವವರಿಗೆ ಎಫ್3 ಇದೆ.

ನಿಮ್ಮ ನಕಲುಗಳಿಗೆ ಬೇಕಾದದ್ದು ಹೆಸರಿರುವ ಕಂಪನಿಯ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಸುಮಾರು 5,000 ರೂಪಾಯಿ, ನಿಮ್ಮ ಹಣದ ಮೂರನೇ ಒಂದು ಭಾಗ ಇದೊಂದಕ್ಕೇ ಹೋಗುತ್ತದೆ, ಹೋಗಲಿ. ಶನಿವಾರ ಸಂಜೆ ಚುಚ್ಚಿ, ನಕಲು ಮಾಡಿ, ಕಿತ್ತು ಮನೆಗೆ ಒಯ್ಯಿರಿ. ಯಾವಾಗಲೂ ಚುಚ್ಚಿಯೇ ಇಟ್ಟರೆ ವೈರಸ್ ಬಂದ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸಕ್ಕೆ ನನ್ನ ಅಂಗಡಿಯಲ್ಲಿ ಡೇಟಾ ರಿಕವರಿ (ಕಳೆದ ಕಡತ ಹುಡುಕಿ ತೆಗೆಯುವುದು) ಎಂದು ಕರೆಯುತ್ತೇವೆ. ಅದರ ಬಿಲ್ ಒಂದು ಹೊಸ ಡಿಸ್ಕಿಗಿಂತ ಹೆಚ್ಚಾಗುತ್ತದೆ, ಫಲಿತಾಂಶಕ್ಕೆ ಖಾತ್ರಿಯಿಲ್ಲ.

ನಕಲು ಮಾಡುವಾಗ ಕನ್ನಡ ಟೈಪಿಂಗಿನವರು ಒಂದು ವಿಷಯ ಮರೆಯುತ್ತಾರೆ: ಅಕ್ಷರಗಳು. ಹತ್ತು ವರ್ಷದ ಹಿಂದಿನ ಲಗ್ನಪತ್ರಿಕೆ, ಕರಾರುಪತ್ರಗಳೆಲ್ಲ ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿರುತ್ತವೆ. ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಆ ಕಡತಗಳಲ್ಲಿ ಕನ್ನಡವೆಂಬುದು ಇಲ್ಲವೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಮುಖವಾಡ ತೊಡಿಸಿರುತ್ತಾರೆ. ವಿಂಡೋಸ್ ಹೊಸದಾಗಿ ಹಾಕಿಸಿದಾಗ ಫಾಂಟು ಹೋಯಿತೆಂದರೆ ‘ಚಿರಂಜೀವಿ ಸೌಭಾಗ್ಯವತಿ’ ಇದ್ದ ಜಾಗದಲ್ಲಿ ಕೊಂಬು ಬಾಲ ಹಚ್ಚಿದ ವಿಚಿತ್ರ ಇಂಗ್ಲಿಷ್ ಕಾಣುತ್ತದೆ. ಎಸ್‌ಎಸ್‌ಡಿ ಹಾಕಿಸುವ ಮುನ್ನ ಫಾಂಟುಗಳ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿಕೊಳ್ಳಿ. ಹಾಗೆಯೇ, ಗಿರಾಕಿಗಳ ಆಧಾರ್ ಪ್ರತಿಗಳನ್ನು ಮಾತ್ರ ನಕಲಿನಲ್ಲಿ ಸೇರಿಸಬೇಡಿ, ಕೆಲಸ ಮುಗಿದ ದಿನವೇ ಅಳಿಸಿ.

ಕೊನೆಗೂ ಕೀಬೋರ್ಡಿಗೆ ಬಂದೆವು. ಒಂದು ಕೀಬೋರ್ಡನ್ನು ನೋಡಿಯೇ ಅದರ ಒಡೆಯರು ನುಡಿ ತಂತ್ರಾಂಶದಲ್ಲಿ ಕನ್ನಡ ಕುಟ್ಟುವವರೆಂದು ನಾನು ಹೇಳಬಲ್ಲೆ. ಎಫ್ ಕೀಲಿಯ ಅಕ್ಷರ ಪೂರ್ತಿ ಅಳಿಸಿಹೋಗಿ, ತುದಿ ಕನ್ನಡಿಯಂತೆ ಮಿನುಗುತ್ತಿರುತ್ತದೆ. ಒತ್ತಕ್ಷರ ಮೂಡಿಸುವುದು ಆ ಕೀಲಿ. ಬೆಣ್ಣೆಗೂ ಅದು ಬೇಕು, ಮಂಡಕ್ಕಿಗೂ ಅದು ಬೇಕು, ಅಕ್ಕ ಅಪ್ಪ ಅಣ್ಣ ತಮ್ಮ ಎಲ್ಲರಿಗೂ ಬೇಕು. ವಿಂಡೋಸ್ ಒಳಗಿನ ಇನ್‌ಸ್ಕ್ರಿಪ್ಟ್ ಎಂಬ ಕೀಲಿ ಜೋಡಣೆ ಬಳಸುವವರಲ್ಲಿ ಇದೇ ಗತಿ ಡಿ ಕೀಲಿಗೆ. ಆದ್ದರಿಂದ ನಿಮಗೆ ದೀಪಕ್ಕಿಂತ ಮುಖ್ಯವಾದದ್ದು ಅಕ್ಷರ ಹೇಗೆ ಮೂಡಿದೆ ಎಂಬುದು. ಮೇಲೆ ಬಣ್ಣ ಬಳಿದದ್ದು ಆರು ತಿಂಗಳಿಗೆ ಹೋಗುತ್ತದೆ, ಲೇಸರಿನಿಂದ ಕೊರೆದದ್ದು ಹೆಚ್ಚು ದಿನ ಬರುತ್ತದೆ, ಎರಡು ಬಣ್ಣದ ಪ್ಲಾಸ್ಟಿಕ್ ಒಂದರೊಳಗೊಂದು ಎರಕ ಹೊಯ್ದದ್ದು ಸವೆಯುವುದೇ ಇಲ್ಲ. 700, 800 ರೂಪಾಯಿಯ ತಂತಿಯ ಸಾಧಾರಣ ಕೀಬೋರ್ಡ್ ಸಾಕು. ಅಂಗಡಿಯಲ್ಲಿ ಕೊಳ್ಳುವಾಗ ನಿಂತು ಒತ್ತಿ ನೋಡಬೇಡಿ, ಸ್ಟೂಲ್ ಕೇಳಿ ಕುಳಿತು ಎರಡು ಸಾಲು ಹೊಡೆದು ನೋಡಿ. ಸ್ಪೇಸ್ ಪಟ್ಟಿಯನ್ನು ಅಂಚಿನಲ್ಲಿ ಒತ್ತಿದರೂ ಇಳಿಯಬೇಕು.

ವೈರ್‌ಲೆಸ್ ಮೌಸ್ ತೆಗೆದುಕೊಳ್ಳಿ, ಅಡ್ಡಿಯಿಲ್ಲ. ಆದರೆ ನೀವು ಎಕ್ಸ್‌ಟರ್ನಲ್ ಡಿಸ್ಕ್ ಚುಚ್ಚಿದ ದಿನ ಬಾಣ ತಡವರಿಸಿ ಜಿಗಿಯಲು ಶುರುವಾದರೆ ಮೌಸ್ ಕೆಟ್ಟಿತೆಂದು ವಾಪಸ್ ಕಳುಹಿಸಬೇಡಿ. ನೀಲಿ ನಾಲಿಗೆಯ ಯುಎಸ್‌ಬಿ 3 ಪೋರ್ಟ್ ಕೆಲಸ ಮಾಡುವಾಗ ಹೊರಸೂಸುವ ಗದ್ದಲ 2.4 ಗಿಗಾಹರ್ಟ್ಸ್‌ವರೆಗೂ ಚಾಚುತ್ತದೆ; ನಿಮ್ಮ ಮೌಸ್ ಮಾತಾಡುವುದೂ ಅಲ್ಲಿಯೇ. ಮೌಸಿನ ಪುಟ್ಟ ರಿಸೀವರನ್ನು ಮುಂಭಾಗದ ಕಪ್ಪು ಪೋರ್ಟಿಗೆ, ಡಿಸ್ಕಿನಿಂದ ಒಂದು ಗೇಣು ದೂರಕ್ಕೆ ಬದಲಾಯಿಸಿದರೆ ಮುಗಿಯಿತು.

ಮಗಳ ಲ್ಯಾಪ್‌ಟಾಪಿಗೆ ಕೂಲಿಂಗ್ ಪ್ಯಾಡ್ ಬೇಡ. ಮುಚ್ಚಿಹೋದ ಮೂಗಿನ ಮುಂದೆ ಫ್ಯಾನ್ ಹಾಕಿದಂತೆ ಅದು. ಒಳಗಿನ ಫ್ಯಾನ್ ಮತ್ತು ಗಾಳಿ ಕಿಂಡಿಯನ್ನು ಒಮ್ಮೆ ಬಿಚ್ಚಿಸಿ ಸ್ವಚ್ಛ ಮಾಡಿಸಿ, ನಾಲ್ಕು ವರ್ಷ ಹಳೆಯದಾಗಿದ್ದರೆ ಪ್ರೊಸೆಸರಿನ ಮೇಲಿನ, ಬಿಸಿ ಸಾಗಿಸುವ ಪೇಸ್ಟನ್ನೂ ಬದಲಾಯಿಸಲಿ. ಹಾಸಿಗೆಯ ಮೇಲೆ, ದಿಂಬಿನ ಮೇಲೆ ಇಡುವುದನ್ನು ನಿಲ್ಲಿಸಲಿ. 500 ರೂಪಾಯಿಯ ಒಂದು ಅಲ್ಯೂಮಿನಿಯಂ ಸ್ಟ್ಯಾಂಡ್ ತಂದರೆ ಕೆಳಗಿನಿಂದ ಗಾಳಿಯಾಡುತ್ತದೆ, ಪರದೆ ಕಣ್ಣಿನ ಮಟ್ಟಕ್ಕೆ ಏರುತ್ತದೆ. ಆದರೆ ಸ್ಟ್ಯಾಂಡಿನ ಮೇಲಿಟ್ಟು ಅದರದೇ ಕೀಲಿಗಳನ್ನು ಒತ್ತಿದರೆ ಮಣಿಕಟ್ಟು ನೋಯುತ್ತದೆ. ನಿಮ್ಮ ಹಳೆಯ ಕೀಬೋರ್ಡನ್ನು ಅವಳಿಗೆ ಕೊಡಿ, ಎಫ್ ಕೀಲಿ ಎಲ್ಲಿದೆ ಎಂದು ಅವಳ ಬೆರಳಿಗೆ ಗೊತ್ತಿರುತ್ತದೆ. ಚಾರ್ಜರ್ ಬದಲಾಯಿಸುವ ಪ್ರಸಂಗ ಬಂದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿನ ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯನ್ನು ನೋಡಿ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಪರೀಕ್ಷಿಸಿ. ಯಾರೋ ಚಾರ್ಜರಿನ ದಪ್ಪ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕಿರುವುದನ್ನು ಕಂಡರೆ ಈ ಉತ್ತರದ ಎರಡನೇ ಪ್ಯಾರಾವನ್ನು ಅವರಿಗೆ ಓದಿ ಹೇಳಿ.



ಲೆಕ್ಕ ಹಾಕೋಣ. ಎಲೆಕ್ಟ್ರಿಷಿಯನ್ ತಪಾಸಣೆಗೆ 800, ಸರ್ಜ್ ಬೋರ್ಡಿಗೆ 700, ಯುಪಿಎಸ್ ಬ್ಯಾಟರಿಗೆ 1,000, ಮಿನಿ ಯುಪಿಎಸ್‌ಗೆ 1,500, ಎಸ್‌ಎಸ್‌ಡಿಗೆ 3,000, ಡಿಸ್ಕಿಗೆ 5,000, ಕುಂಚ ಮತ್ತು ಊದುಗೊಳವೆಗೆ 200, ಕೀಬೋರ್ಡಿಗೆ 800, ಮೌಸಿಗೆ 500, ಸ್ಟ್ಯಾಂಡಿಗೆ 500. ಒಟ್ಟು 14,000. ಉಳಿದ ಸಾವಿರ ಲ್ಯಾಪ್‌ಟಾಪ್ ಸ್ವಚ್ಛ ಮಾಡಿಸುವ ಕೂಲಿಗೆ. ತಪಾಸಣೆಯಲ್ಲಿ ಅರ್ಥ್ ಗುಂಡಿಯೇ ಇಲ್ಲವೆಂದು ತಿಳಿದರೆ ಅದರ ಖರ್ಚು ಬೇರೆ. ಆಗ ಮಿನಿ ಯುಪಿಎಸ್ ಮತ್ತು ಮೌಸನ್ನು ಮುಂದಕ್ಕೆ ಹಾಕಿ, ಕಟ್ಟಡದ ಮಾಲೀಕರ ಬಳಿ ಹೋಗಿ ಉಳಿದದ್ದಕ್ಕೆ ಜಗಳವಾಡಿ. ಅದು ಅವರ ಹೊಣೆ.

ಯುಪಿಎಸ್‌ನ ಹಳೆಯ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ, ಹೊಸದು ಕೊಳ್ಳುವ ಅಂಗಡಿಗೇ ಕೊಡಿ. ಒಳಗಿನ ಸೀಸಕ್ಕೆ ಬೆಲೆಯಿದೆ, ನೂರಿನ್ನೂರು ಬಿಡುತ್ತಾರೆ. ಆ ಹಣದಲ್ಲಿ ಸಿಆರ್2032 ಎಂಬ ಒಂದು ನಾಣ್ಯದ ಸೆಲ್ ತನ್ನಿ, ಐವತ್ತು ರೂಪಾಯಿಯೊಳಗೆ ಸಿಗುತ್ತದೆ. ಮದರ್‌ಬೋರ್ಡಿನ ಗಡಿಯಾರವನ್ನು ಓಡಿಸುವುದು ಅದು. ಆರು ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತ ಬಂದಿರುತ್ತದೆ. ಮುಗಿದ ದಿನ ಕಂಪ್ಯೂಟರ್ ತಾನಿನ್ನೂ ಹುಟ್ಟಿದ ವರ್ಷದಲ್ಲೇ ಇದ್ದೇನೆಂದು ತಿಳಿಯುತ್ತದೆ, ಸರ್ಕಾರಿ ಜಾಲತಾಣಗಳೆಲ್ಲ ‘ಸುರಕ್ಷಿತವಲ್ಲ’ ಎಂದು ಬಾಗಿಲು ಹಾಕಿಕೊಳ್ಳುತ್ತವೆ, ಅಂಗಡಿಯ ಮುಂದೆ ಸಾಲು ನಿಂತಿರುತ್ತದೆ. ಧೂಳು ಊದಲು ತಗಡು ಬಿಚ್ಚಿದಾಗಲೇ ಅದನ್ನು ಬದಲಾಯಿಸಿಬಿಡಿ. ಮಿಕ್ಕ ಹಣಕ್ಕೆ ಬೆಣ್ಣೆ ದೋಸೆ.